ಪುರುಸೊತ್ತಿಲ್ಲದವರು ಚಿತ್ರ ಬಿಡಿಸುವುದು ಯಾಕೆ?

ಚಿತ್ರ ಬರೆಯುವುದು ಹವ್ಯಾಸವಂತೆ. ಹೊಟ್ಟೆ ತುಂಬಿದ ಮೇಲೆ, ಕೆಲಸ ಮುಗಿದ ಮೇಲೆ, ಮನಸ್ಸಿಗೆ ಬೇಜಾರು ಬಂದಾಗ ಮಾಡುವ ಕೆಲಸವಂತೆ. ಹಾಗನ್ನುವವರನ್ನು ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಸ್ವಾಮಿ, ಕೆಲಸ ಮುಗಿಯೋದು ಅಂದರೆ ಏನು? ನಮ್ಮ ಕೇರಿಗಳಲ್ಲಿ ಯಾರ ಕೆಲಸ ಯಾವತ್ತು ಮುಗಿದಿದೆ?

ನಾವು ಹಗಲು ದುಡಿದು ರಾತ್ರಿ ಪೆನ್ಸಿಲ್ ಹಿಡಿಯುವವರು. ಅತಿಥಿ ಉಪನ್ಯಾಸಕರಿದ್ದೇವೆ, ಗಾರ್ಮೆಂಟ್ಸಿನಲ್ಲಿ ಹೊಲಿಯುವವರಿದ್ದೇವೆ, ಪಾರ್ಸಲ್ ಹೊತ್ತು ಊರೆಲ್ಲ ತಿರುಗುವವರಿದ್ದೇವೆ, ಹಳ್ಳಿ ಶಾಲೆಯ ಮೇಷ್ಟ್ರುಗಳಿದ್ದೇವೆ. ಮನೆಗೆ ಮೊದಲ ಡಿಗ್ರಿ ತಂದವರು. ಇಪ್ಪತ್ತು ದಾಟಿದ ಮೇಲೆ, ಮೂವತ್ತು ದಾಟಿದ ಮೇಲೆ ಗೆರೆ ಎಳೆಯಲು ಕೂತವರು. ದಿನಕ್ಕೆ ಸಿಗೋದು ಅರ್ಧ ಗಂಟೆ. ಕೆಲವು ದಿನ ಅದೂ ಇಲ್ಲ.

ನಮ್ಮನ್ನು ನೋಡಿ ಎರಡು ಕಡೆಯಿಂದ ನಗುತ್ತಾರೆ. ಕಲೆಯನ್ನು ಗುತ್ತಿಗೆ ಹಿಡಿದವರು "ಈ ವಯಸ್ಸಲ್ಲಿ ಬರುತ್ತೇನ್ರೀ? ಅದು ಹುಟ್ಟಿನಿಂದ ಬರಬೇಕು" ಅನ್ನುತ್ತಾರೆ. ನಮ್ಮವರೇ ಆದ ಕೆಲವು ಗೆಳೆಯರು "ಜನ ಸಾಯ್ತಾ ಇದಾರೆ, ನೀವು ಗೊಂಬೆ ಬರೀತಾ ಕೂತಿದೀರಲ್ಲ" ಅನ್ನುತ್ತಾರೆ. ಈ ಇಬ್ಬರಿಗೂ ಉತ್ತರ ಕೊಡಬೇಕಾಗಿದೆ.

ಮೊದಲು ಹವ್ಯಾಸ ಅನ್ನುವ ಮಾತನ್ನೇ ಹಿಡಿದು ನೋಡೋಣ. ಇದು ಯಾರ ಮಾತು?

1915ರಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ದೊಡ್ಡ ಮನುಷ್ಯ ನೌಕಾಖಾತೆಯ ಮಂತ್ರಿಗಿರಿ ಕಳೆದುಕೊಂಡ. ಗೆಲಿಪೊಲಿಯಲ್ಲಿ ಸಾವಿರಾರು ಬಡವರ ಮಕ್ಕಳು ಸತ್ತ ಯುದ್ಧದ ಹೊಣೆ ಅವನ ತಲೆಗೆ ಬಂದಿತ್ತು. ಮನಸ್ಸಿಗೆ ಬೇಸರ. ಆಗ ಅವನಿಗೆ ನಲವತ್ತು ವರ್ಷ. ಆ ವಯಸ್ಸಿನಲ್ಲಿ ಕುಂಚ ಹಿಡಿದ. ಬೇಕಾದಷ್ಟು ಬಣ್ಣ, ಬೇಕಾದಷ್ಟು ಬಿಡುವು. ಜೀವಮಾನದಲ್ಲಿ ಐನೂರಕ್ಕೂ ಹೆಚ್ಚು ಚಿತ್ರ ಬರೆದ. ಕಾಲ ಕಳೆಯಲು ಚಿತ್ರಕಲೆ ಎಷ್ಟು ಒಳ್ಳೆಯದು ಅಂತ ಪುಸ್ತಕವನ್ನೂ ಬರೆದ. ಅವನ ವಯಸ್ಸನ್ನು ನೋಡಿ ಯಾರೂ ನಗಲಿಲ್ಲ.

ಅದೇ 1915ರಲ್ಲಿ ಬಂಗಾಳದಲ್ಲಿ ಒಬ್ಬ ಮನುಷ್ಯ ಹುಟ್ಟಿದ. ಚಿತ್ತಪ್ರಸಾದ. ತನ್ನ ಹೆಸರಿನ ಬಾಲದಲ್ಲಿದ್ದ ಭಟ್ಟಾಚಾರ್ಯ ಅನ್ನುವ ಜಾತಿಯ ಗುರುತನ್ನು ಕಿತ್ತು ಬಿಸಾಕಿದವನು. ಕಲಾಶಾಲೆಯಲ್ಲಿ ಓದಿದವನಲ್ಲ, ತಾನಾಗಿ ಕಲಿತವನು. 1943ರಲ್ಲಿ ಬಂಗಾಳದಲ್ಲಿ ಬರ ಬಿತ್ತು. ಇಪ್ಪತ್ತು ಮೂವತ್ತು ಲಕ್ಷ ಜನ ಹಸಿವಿನಿಂದ, ಹಸಿವು ತಂದ ಕಾಯಿಲೆಯಿಂದ ಸತ್ತರು. ಆಗ ಲಂಡನ್ನಿನಲ್ಲಿ ಪ್ರಧಾನಿಯಾಗಿ ಕೂತಿದ್ದವನು ಅದೇ ಹವ್ಯಾಸಿ ಚಿತ್ರಕಾರ. ಚಿತ್ತಪ್ರಸಾದ ಮಿಡ್ನಾಪುರದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ, ಕಂಡ ಕಂಡ ಎಲುಬಿನ ಗೂಡುಗಳನ್ನು ಕಪ್ಪು ಮಸಿಯಲ್ಲಿ ಬರೆದ. 'ಹಂಗ್ರಿ ಬೆಂಗಾಲ್' ಅಂತ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಬ್ರಿಟಿಷ್ ಸರ್ಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟುಹಾಕಿತು.

ಗೆಳೆಯರೇ, ಇದನ್ನು ಗಮನಿಸಿ. ಆಳುವವನು ಕೆರೆ, ತೋಟ, ಸೂರ್ಯಾಸ್ತ ಬರೆದರೆ ಅದಕ್ಕೆ ಚೌಕಟ್ಟು. ಆಳಿಸಿಕೊಂಡವನ ಹೊಟ್ಟೆಯನ್ನು ಬರೆದರೆ ಅದಕ್ಕೆ ಬೆಂಕಿ. ಬರೀ ಕಾಲ ಕಳೆಯುವ ಕೆಲಸವಾಗಿದ್ದರೆ ಸರ್ಕಾರಕ್ಕೆ ಕಡ್ಡಿ ಗೀರುವ ಕಷ್ಟ ಯಾಕೆ ಬೇಕಿತ್ತು? ಗೊಂಬೆ ಬರೀತಾ ಕೂತಿದೀರಲ್ಲ ಅನ್ನುವ ನಮ್ಮ ಗೆಳೆಯರಿಗೆ ಅರ್ಧ ಉತ್ತರ ಇಲ್ಲೇ ಇದೆ. ಜನ ಸಾಯುತ್ತಿದ್ದಾಗಲೇ ಚಿತ್ತಪ್ರಸಾದ ಬರೆದದ್ದು. ಸಾಯುತ್ತಿದ್ದಾರೆ ಅನ್ನುವ ಕಾರಣಕ್ಕೇ ಬರೆದದ್ದು.

*

ಈಗ ಪುರುಸೊತ್ತಿನ ಮಾತು.

ಭೂಮಿಯನ್ನು ಹೇಗೆ ಕಿತ್ತುಕೊಂಡರು ಅಂತ ನಾವು ಬಲ್ಲೆವು. ಹೊಲದ ಬದು ಒತ್ತಿದರು, ಪತ್ರ ತಿದ್ದಿದರು, ಸಾಲಕ್ಕೆ ಬರೆಸಿಕೊಂಡರು. ಹೊತ್ತನ್ನು ಕಿತ್ತುಕೊಂಡ ಕತೆಯನ್ನು ನಾವಿನ್ನೂ ಸರಿಯಾಗಿ ಬರೆದಿಲ್ಲ. ಜೀತದಾಳಿಗೆ ಕೂಲಿ ಇರಲಿಲ್ಲ ಅಂತೀವಿ. ಅವನಿಗೆ ಸಂಜೆಯೂ ಇರಲಿಲ್ಲ. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂತು. ಕಾನೂನಿನ ಹೊರಗೆ ಉಳಿದುಕೊಂಡದ್ದು ಎಷ್ಟು ಅಂತ ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಸಂಜೆ ಕೇಳಿದವನನ್ನು ಸೋಮಾರಿ ಅಂದದ್ದು ಮಾತ್ರ ನಿಲ್ಲಲಿಲ್ಲ.

ನಮ್ಮ ಹೊತ್ತಿಗೆ ಕಾನೂನಿನ ಬೇಲಿ ಹಾಕಿದವರು ಬಾಬಾಸಾಹೇಬರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಸದಸ್ಯರಾಗಿದ್ದರು. ಅವರು ಪಟ್ಟು ಹಿಡಿದ ಮೇಲೆ 1946ರಲ್ಲಿ ಕಾರ್ಖಾನೆ ಕಾಯಿದೆ ತಿದ್ದುಪಡಿಯಾಯಿತು. ವಾರಕ್ಕೆ 54 ಗಂಟೆ ಇದ್ದ ದುಡಿಮೆ 48ಕ್ಕೆ ಇಳಿಯಿತು. ವಾರಕ್ಕೆ ಆರು ಗಂಟೆ. ಲೆಕ್ಕ ಹಾಕಿ ನೋಡಿ: ದಿನಕ್ಕೊಂದು ಗಂಟೆ. ನಾವು ರಾತ್ರಿ ಕೂತು ಗೆರೆ ಎಳೆಯುವ ಅರ್ಧ ಗಂಟೆ ಆ ಗಂಟೆಯೊಳಗಿಂದ ಬಂದದ್ದು. ಅದು ನಮ್ಮ ಪಾಲಿಗೆ ಪಿತ್ರಾರ್ಜಿತ. ಯಾರೂ ದಾನ ಕೊಟ್ಟದ್ದಲ್ಲ.

ಆ ಬೇಲಿಯನ್ನು ಈಗ ಕೀಳುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದಿತು. ವಾರದ ಲೆಕ್ಕ 48 ಗಂಟೆಯೇ ಇರಲಿ, ದಿನದ ದುಡಿಮೆ 12 ಗಂಟೆಯವರೆಗೆ ಹೋಗಬಹುದು ಅಂದಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು 144ಕ್ಕೆ ಏರಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಅಧ್ಯಕ್ಷರು 90 ಗಂಟೆ ಅಂದದ್ದು, ಮನೆಯಲ್ಲಿ ಕೂತು ಹೆಂಡತಿ ಮುಖವನ್ನು ಎಷ್ಟು ಹೊತ್ತು ನೋಡ್ತೀರಿ ಅಂತ ಕೇಳಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು.

ಒಳ್ಳೆಯ ಪ್ರಶ್ನೆ. ಎಷ್ಟು ಹೊತ್ತು ನೋಡ್ತೀರಿ? ನಾವು ಉತ್ತರ ಕೊಡುತ್ತೇವೆ. ಒಂದು ಮುಖವನ್ನು ಬರೆಯಬೇಕಾದರೆ ಕಡಿಮೆ ಅಂದರೂ ಅರ್ಧ ಗಂಟೆ ನೋಡಬೇಕು. ಹಣೆಗೂ ಗಲ್ಲಕ್ಕೂ ನಡುವೆ ಕಣ್ಣು ಎಲ್ಲಿ ಬರುತ್ತೆ, ದುಡಿದು ದುಡಿದು ಕತ್ತಿನ ನರ ಹೇಗೆ ಎದ್ದು ನಿಂತಿದೆ, ಕೆನ್ನೆಯ ಗುಳಿಯಲ್ಲಿ ನೆರಳು ಯಾಕೆ ಬಿದ್ದಿದೆ ಅಂತ ನೋಡಬೇಕು. ನಮ್ಮವ್ವನ ಮುಖವನ್ನು, ನಮ್ಮ ಹೆಂಡತಿಯ, ಗಂಡನ ಮುಖವನ್ನು ನೋಡುವ ಹೊತ್ತನ್ನು ಕಂಪನಿಗೆ ಬರೆದುಕೊಡಿ ಅಂತ ಕೇಳುವ ವ್ಯವಸ್ಥೆ ಇದು. ಪುರುಸೊತ್ತು ಇಲ್ಲದವರು ಚಿತ್ರ ಬರೆಯುವುದು ಈ ವ್ಯವಸ್ಥೆಗೆ 'ಕೊಡೋದಿಲ್ಲ' ಅನ್ನುವ ಒಂದು ಬಗೆ. ಸಂಘ ಕಟ್ಟುವುದು, ಬೀದಿಗಿಳಿಯುವುದು ಇನ್ನೊಂದು ಬಗೆ. ಎರಡೂ ಬೇಕು. ಸಂಜೆಯೇ ಇಲ್ಲದವನು ಸಂಘದ ಸಭೆಗೂ ಬರಲಾರ.

ಇಲ್ಲಿ ಒಂದು ಮಾತನ್ನು ನಮ್ಮೊಳಗೇ ಆಡಿಕೊಳ್ಳಬೇಕು. 48 ಗಂಟೆಯ ಕಾನೂನು ಒಲೆಯ ಹತ್ತಿರ ಬರಲಿಲ್ಲ. ಗಾರ್ಮೆಂಟ್ಸಿನಿಂದ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬಂದ ನಮ್ಮ ಅಕ್ಕತಂಗಿಯರಿಗೆ ಎರಡನೇ ಪಾಳಿ ಕಾದಿರುತ್ತದೆ. ನೀರು ಹಿಡಿಯೋದು, ಸಾರು ಕುದಿಸೋದು, ಮಕ್ಕಳ ಹೋಂವರ್ಕು. ಅವರ ಅರ್ಧ ಗಂಟೆ ಎಲ್ಲಿಂದ ಬರಬೇಕು? ಗಂಡಸರು ಮುದ್ದೆ ತೊಳಸಿದರೆ ಬರುತ್ತೆ, ಪಾತ್ರೆ ಉಜ್ಜಿದರೆ ಬರುತ್ತೆ. ಸಮಾನತೆಯ ಬಗ್ಗೆ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡುವ ಚಳವಳಿಯ ಗಂಡಸರೆಲ್ಲ ಇದನ್ನು ಕಿವಿಗೆ ಹಾಕಿಕೊಳ್ಳಲಿ. ಮನೆಯ ಹೆಣ್ಣಿನ ಹೊತ್ತನ್ನು ಕದ್ದು ಬರೆದ ಚಿತ್ರದಲ್ಲಿ ಎಷ್ಟು ಕ್ರಾಂತಿ ಇದ್ದರೂ ಅದು ಕದ್ದ ಮಾಲೇ.

*

ಇನ್ನು 'ಹುಟ್ಟಿನಿಂದ ಬರಬೇಕು' ಅನ್ನುವವರ ಸರದಿ.

ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವಲ್ಲ? ಹುಟ್ಟಿನಿಂದ ಬರಬೇಕು. ರಕ್ತದಲ್ಲಿ ಇರಬೇಕು. ಪೂರ್ವಜನ್ಮದ ಪುಣ್ಯ ಬೇಕು. ಸರಸ್ವತಿ ಒಲಿಯಬೇಕು. ವೇದಕ್ಕೆ ಹೇಳಿದ್ದೇ ಇದು, ಗಣಿತಕ್ಕೆ ಹೇಳಿದ್ದೇ ಇದು, ಸಂಗೀತಕ್ಕೂ ಇದೇ. ಮೀಸಲಾತಿ ಬಂದಾಗ 'ಪ್ರತಿಭೆ' ಅಂತ ಬಾಯಿ ಬಡಿದುಕೊಂಡವರು ಹೇಳಿದ್ದೂ ಇದನ್ನೇ. ಪ್ರತಿಭೆ ಅನ್ನುವ ಮಾತು ಬಹಳ ಸಲ ಜಾತಿಗೆ ಹಾಕಿದ ಇಸ್ತ್ರಿ ಬಟ್ಟೆ. ಮಕ್ಕಳ ಕೈಗೆ ಮೂರನೇ ವಯಸ್ಸಿನಲ್ಲಿ ಬಣ್ಣದ ಪೆಟ್ಟಿಗೆ ಕೊಟ್ಟು, ಹತ್ತನೇ ವಯಸ್ಸಿಗೆ ಕ್ಲಾಸಿಗೆ ಕಳಿಸಿ, ಹದಿನೆಂಟಕ್ಕೆ ಕಲಾಶಾಲೆಗೆ ಸೇರಿಸಿ, ಆಮೇಲೆ "ನೋಡಿ, ದೇವರು ಕೊಟ್ಟ ವರ" ಅನ್ನುತ್ತಾರೆ. ದೇವರು ಕೊಟ್ಟನೋ ಅಪ್ಪ ಫೀಸು ಕೊಟ್ಟನೋ?

ನಮ್ಮ ಶಾಲೆಗಳಲ್ಲಿ ಚಿತ್ರ ಅಂದರೆ ಏನಿತ್ತು? ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ಹೆಂಚಿನ ಮನೆ, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬಯಲು ಸೀಮೆಯ ಮಗು ಕೂಡ, ಬೆಟ್ಟವನ್ನೇ ಕಾಣದ ಮಗು ಕೂಡ ಅದನ್ನೇ ಬರೆಯಿತು. ಆ ಚಿತ್ರದಲ್ಲಿ ನಮ್ಮ ಗುಡಿಸಲು ಎಲ್ಲಿ? ಊರಾಚೆಯ ದಾರಿ ಎಲ್ಲಿ? ಬಾವಿಕಟ್ಟೆಯಿಂದ ದೂರ ನಿಂತ ಖಾಲಿ ಕೊಡ ಎಲ್ಲಿ? ಕಣ್ಣೆದುರು ಇದ್ದದ್ದನ್ನು ನೋಡಬೇಡ, ಹೇಳಿಕೊಟ್ಟದ್ದನ್ನು ಬರಿ ಅನ್ನುವ ಪಾಠ ಅದು. ಮನುಧರ್ಮದ ಪಾಠವೂ ಅಷ್ಟೇ ಅಲ್ಲವೇ?

ಹುಟ್ಟಿನ ವಾದಕ್ಕೆ ಇತಿಹಾಸ ಏನು ಹೇಳುತ್ತೆ ಕೇಳಿ. ವಿನ್ಸೆಂಟ್ ವಾನ್ ಗೋ ಚಿತ್ರಕಾರನಾಗಬೇಕು ಅಂತ ತೀರ್ಮಾನಿಸಿದ್ದು 1880ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಬೆಲ್ಜಿಯಮ್ಮಿನ ಬೋರಿನಾಜ್ ಗಣಿ ಸೀಮೆಯಲ್ಲಿ ಕಲ್ಲಿದ್ದಲು ಕಾರ್ಮಿಕರ ನಡುವೆ ಪ್ರವಚನಕಾರನಾಗಿದ್ದ. ಆ ಕೆಲಸವೂ ಕೈಬಿಟ್ಟಿತ್ತು. ಕಲಿತದ್ದು ಹೇಗೆ? ಚಾರ್ಲ್ಸ್ ಬಾರ್ಗ್ ಎಂಬಾತ ಮಾಡಿದ ಅಭ್ಯಾಸದ ಹಾಳೆಗಳನ್ನು, ನಾವು ಕಾಪಿ ಬರೆದಂತೆ, ಮತ್ತೆ ಮತ್ತೆ ಬರೆದು. ರೈತರನ್ನು ಬರೆದ ಮಿಲೆಯ ಚಿತ್ರಗಳನ್ನು ನಕಲು ಮಾಡಿ. 1885ರಲ್ಲಿ 'ಆಲೂಗಡ್ಡೆ ತಿನ್ನುವವರು' ಬರೆಯುವ ಮೊದಲು ಹತ್ತಾರು ರೈತರ ಮುಖಗಳನ್ನು ಅಭ್ಯಾಸಕ್ಕೆ ಬರೆದಿದ್ದ. ಇದು ವರ ಅಲ್ಲ, ಕೂಲಿ. ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಅವನಿಗೆ ತಿಂಗಳು ತಿಂಗಳು ಹಣ ಕಳಿಸುವ ಥಿಯೋ ಎಂಬ ತಮ್ಮ ಇದ್ದ. ನಮಗೆ ಥಿಯೋ ಇಲ್ಲ. ನಮ್ಮಲ್ಲಿ ಬಹಳಷ್ಟು ಜನ ನಮ್ಮ ತಮ್ಮ ತಂಗಿಯರಿಗೆ ಥಿಯೋ ಆಗಿರುವವರು.

ಆದ್ದರಿಂದ ನಮಗೆ ವಾನ್ ಗೋಗಿಂತ ಹತ್ತಿರದ ನೆಂಟರು ಬೇರೆ ಇದ್ದಾರೆ. ಇಂಗ್ಲೆಂಡಿನ ಈಶಾನ್ಯದಲ್ಲಿ ಆಶಿಂಗ್ಟನ್ ಅಂತ ಕಲ್ಲಿದ್ದಲು ಗಣಿಯ ಊರು. 1934ರಲ್ಲಿ ಅಲ್ಲಿನ ಗಣಿ ಕಾರ್ಮಿಕರು ಕಾರ್ಮಿಕ ಶಿಕ್ಷಣ ಸಂಘದ ಸಂಜೆ ತರಗತಿಗೆ ಸೇರಿದರು. ನ್ಯೂಕ್ಯಾಸಲ್ಲಿನಿಂದ ರಾಬರ್ಟ್ ಲಯನ್ ಎಂಬ ಮೇಷ್ಟ್ರು ಬಂದು ಇಟಲಿಯ ಹಳೆಯ ಮಹಾನ್ ಚಿತ್ರಗಳನ್ನು ತೋರಿಸಿದ. ಅವರಿಗೆ ಹಿಡಿಸಲಿಲ್ಲ. ಹಾಗಾದರೆ ನೀವೇ ಮಾಡಿ ನೋಡಿ ಅಂದ. ಮಾಡಿದರು. ಗಣಿಯ ಒಳಗೆ ಬಗ್ಗಿ ಕಲ್ಲಿದ್ದಲು ಕಡಿಯುವವನನ್ನು, ಸಾಕಿದ ನಾಯಿಯನ್ನು, ಹಿತ್ತಲ ತರಕಾರಿ ಮಡಿಯನ್ನು, ತಮ್ಮ ಅಡುಗೆಮನೆಯನ್ನು ಬರೆದರು. 1936ಕ್ಕೆ ನ್ಯೂಕ್ಯಾಸಲ್ಲಿನ ಹ್ಯಾಟನ್ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಹೆಸರು ಬಂದ ಮೇಲೂ ಅವರು ಬೆಳಗಾದರೆ ಗಣಿಗೇ ಇಳಿದರು. ಆ ಗುಂಪು 1980ರ ದಶಕದವರೆಗೆ ನಡೆಯಿತು. ದೊಡ್ಡವರಾದ ಮೇಲೆ, ದುಡಿದು ದಣಿದ ಮೇಲೆ, ಸಂಜೆಯ ತುಣುಕಿನಲ್ಲಿ ಕಲಿತವರು ಅವರು. ಅವರು ಬರೆಯದಿದ್ದರೆ ಗಣಿಯ ಒಳಗಿನ ಆ ಬೆಳಕನ್ನು ಯಾವ ಕಲಾಶಾಲೆಯವನು ಹೋಗಿ ನೋಡುತ್ತಿದ್ದ?

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಅಪ್ಪಂದಿರನ್ನೇ ನೋಡಿ. ಮೆಟ್ಟು ಹೊಲಿಯುವ ನಮ್ಮ ಜನ ಒಡೆಯನ ಕಾಲನ್ನು ತೊಗಲಿನ ಮೇಲೆ ಇರಿಸಿ, ಸುತ್ತ ಒಂದು ಗೆರೆ ಎಳೆಯುತ್ತಿದ್ದರು. ಹೆಬ್ಬೆರಳಿನ ಕಡೆ ಎಷ್ಟು ಅಗಲ, ಹಿಮ್ಮಡಿ ಎಲ್ಲಿ ಸಣ್ಣ, ಒಳಪಾದ ಎಲ್ಲಿ ಒಳಕ್ಕೆ ತಿರುಗುತ್ತೆ. ಆ ಗೆರೆ ತಪ್ಪಿದರೆ ಮೆಟ್ಟು ಕಚ್ಚುತ್ತೆ, ತಪ್ಪಿದವನಿಗೆ ಬೈಗುಳ ಬೀಳುತ್ತೆ. ಕಲಾಶಾಲೆಯಲ್ಲಿ ಹೊರರೇಖೆ ಅಂತ ವಾರಗಟ್ಟಲೆ ಕಲಿಸುವುದು ಇದನ್ನೇ. ಕಿಳ್ಳೇಕ್ಯಾತರು ಆಡಿನ ತೊಗಲು ಹದ ಮಾಡಿ, ಅದರ ಮೇಲೆ ರಾಮ ರಾವಣರನ್ನು ಬರೆದು, ತೂತು ಕೊರೆದು, ದೀಪದ ಮುಂದೆ ಕುಣಿಸಿದರು. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಕೆಮ್ಮಣ್ಣಿನ ಗೋಡೆ ಮೇಲೆ ಹಸೆ ಚಿತ್ತಾರ ಬರೆದರು. ಇವರು ಮಾಡಿದ್ದಕ್ಕೆ ಕಸುಬು ಅಂತ, ಜಾನಪದ ಅಂತ ಹೆಸರಿಟ್ಟರು. ಕಲೆ ಅನ್ನುವ ಹೆಸರನ್ನು ಬೇರೆಯವರಿಗೆ ಎತ್ತಿಟ್ಟರು. ಗೆರೆ ನಮಗೆ ಹೊಸದಲ್ಲ ಗೆಳೆಯರೇ. ಗೆರೆಯ ಕೆಳಗೆ ನಮ್ಮ ಹೆಸರು ಹಾಕುವುದು ಹೊಸದು.

ಹೆಸರು ಅಂದಾಗ ಇನ್ನೊಂದು ಮಾತು. ನಲವತ್ತು ಐವತ್ತು ದಾಟಿದ ನಮ್ಮ ಅವ್ವಂದಿರು ರಾತ್ರಿ ಶಾಲೆಯಲ್ಲಿ ರುಜು ಹಾಕಲು ಕಲಿತದ್ದು ಹೇಗೆ? ಅಕ್ಷರ ಗೊತ್ತಾಗುವ ಮೊದಲು ಹೆಸರನ್ನು ಚಿತ್ರದ ಹಾಗೆ ನೋಡಿ ನೋಡಿ ಬರೆದರು. ಇಲ್ಲಿ ಸುತ್ತು, ಇಲ್ಲಿ ಕೊಂಬು, ಇಲ್ಲಿ ಬಾಲ. ದೊಡ್ಡವರಾದ ಮೇಲೆ ಚಿತ್ರ ಕಲಿಯಲು ಆಗುವುದಿಲ್ಲ ಅನ್ನುವವರ ಮುಖಕ್ಕೆ ಆ ಒಂದೊಂದು ರುಜುವನ್ನೂ ಹಿಡಿಯಬೇಕು. ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತು. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು.

*

ಹೆಬ್ಬೆರಳಿನ ವಿಚಾರ ಹೇಳದೆ ಈ ಮಾತು ಪೂರ್ತಿಯಾಗದು. ಏಕಲವ್ಯನ ಬಗ್ಗೆ ನಾವು ಬಹಳ ಬರೆದಿದ್ದೇವೆ. ಒಂದನ್ನು ಮಾತ್ರ ಅಷ್ಟಾಗಿ ಗಮನಿಸಲಿಲ್ಲ. ಬಿಲ್ಲು ಎತ್ತುವ ಮೊದಲು ಅವನು ಮಣ್ಣು ಕಲಸಿ ದ್ರೋಣನ ಮೂರ್ತಿ ಮಾಡಿದ. ದೂರದಿಂದ ನೋಡಿದ ಮುಖವನ್ನು ನೆನಪಿಟ್ಟುಕೊಂಡು ಮಣ್ಣಿನಲ್ಲಿ ತಂದ. ಅಂದರೆ ಅವನು ಮೊದಲು ಕಲಾವಿದ, ಆಮೇಲೆ ಬಿಲ್ಲುಗಾರ. ನೋಡಲು ಕಲಿತವನು ಗುರಿ ಹಿಡಿಯಲೂ ಕಲಿಯುತ್ತಾನೆ ಅನ್ನುವುದು ದ್ರೋಣನಿಗೆ ಗೊತ್ತಿತ್ತು. ಅದಕ್ಕೇ ಬೆರಳು ಕೇಳಿದ. ಆಮೇಲೆ ಸಾಲ ಕೊಟ್ಟ ಸಾಹುಕಾರ ಅದೇ ಬೆರಳಿಗೆ ಮಸಿ ಹಚ್ಚಿ ಪತ್ರಕ್ಕೆ ಒತ್ತಿಸಿಕೊಂಡ.

ಈಗ ಚಿತ್ರ ಕಲಿಯುವ ಮೊದಲ ಪಾಠ ನೋಡಿ. ಪೆನ್ಸಿಲ್ ಹಿಡಿದ ಕೈಯನ್ನು ಮುಂದಕ್ಕೆ ನೆಟ್ಟಗೆ ಚಾಚು. ಒಂದು ಕಣ್ಣು ಮುಚ್ಚು. ಪೆನ್ಸಿಲಿನ ತುದಿಯನ್ನು ಎದುರಿನ ಮನುಷ್ಯನ ನೆತ್ತಿಗೆ ಹಿಡಿ. ಗಲ್ಲ ಎಲ್ಲಿಗೆ ಬರುತ್ತೋ ಅಲ್ಲಿಗೆ ಹೆಬ್ಬೆರಳನ್ನು ಜಾರಿಸಿ ನಿಲ್ಲಿಸು. ಅದು ತಲೆಯ ಅಳತೆ. ಇಡೀ ಮೈ ಅಂಥ ಎಷ್ಟು ತಲೆ ಉದ್ದ ಅಂತ ಎಣಿಸು. ಲೋಕವನ್ನು ಅಳೆಯುವುದು ಹೆಬ್ಬೆರಳು. ಗುರುವಿಗೆ ಕೊಟ್ಟದ್ದು, ಸಾಹುಕಾರನಿಗೆ ಒತ್ತಿದ್ದು ಸಾಕು. ಇನ್ನು ಈ ಬೆರಳು ಅಳತೆ ಹಿಡಿಯಲಿ.

ಹೊತ್ತು ಕಡಿಮೆ ಇರುವವರಿಗೆ ಇನ್ನೂ ನಾಲ್ಕು ಮಾತು ಹೇಳುತ್ತೇವೆ.

ಒಂದು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವರ್ಷಕ್ಕೆ 130 ಗಂಟೆ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರುತ್ತೇನೆ ಅಂತ ಕಾಯಬೇಡಿ. ಆ ಭಾನುವಾರ ಬರುವುದಿಲ್ಲ. ಮದುವೆ ಬರುತ್ತೆ, ತಿಥಿ ಬರುತ್ತೆ, ಓಟಿ ಬರುತ್ತೆ. ದಿನಾ ಒಂದಿಷ್ಟು ಹೊಲ ಗೇಯುವಂತೆ ಗೇಯಿರಿ.

ಎರಡು. ಅಂಗಡಿಯವನ ಮಾತು ಕೇಳಬೇಡಿ. ವಿಲಾಯಿತಿ ಕಾಗದ, ನಲವತ್ತೆಂಟು ಬಣ್ಣದ ಡಬ್ಬಿ ಏನೂ ಬೇಡ. ಒಂದು ಪೆನ್ಸಿಲ್ ಸಾಕು. ಕ್ಯಾಲೆಂಡರಿನ ಹಿಂಬದಿ, ಚುನಾವಣೆ ಕರಪತ್ರದ ಖಾಲಿ ಮಗ್ಗುಲು, ಜೆರಾಕ್ಸ್ ಅಂಗಡಿಯ ರದ್ದಿ ಸಾಕು. ಒಲೆಯ ಇದ್ದಿಲು ಇದ್ದರೆ ಅದೇ ಒಳ್ಳೆಯದು. ಬೆಲೆಬಾಳುವ ಹಾಳೆಯ ಮುಂದೆ ಕೈ ನಡುಗುತ್ತೆ. ರದ್ದಿಯ ಮೇಲೆ ನಡುಗುವುದಿಲ್ಲ.

ಮೂರು. ಹೆಸರನ್ನು ಬರೆಯಬೇಡಿ, ವಸ್ತುವನ್ನು ಬರೆಯಿರಿ. 'ಕಣ್ಣು' ಅಂದ ತಕ್ಷಣ ಕೈ ಮೀನಿನ ಆಕಾರ ಬರೆಯುತ್ತೆ. ಅದು ಯಾರೋ ಕಲಿಸಿದ ಗುರುತು, ನಿಮ್ಮೆದುರಿನ ಕಣ್ಣಲ್ಲ. ಇದಕ್ಕೆ ಮದ್ದು ಇದೆ. ಕಾಗದ ನೋಡದೆ, ನಿಮ್ಮ ಎಡಗೈಯನ್ನೇ ದಿಟ್ಟಿಸುತ್ತ, ಅದರ ಅಂಚಿನ ಮೇಲೆ ಇರುವೆ ಹರಿದಂತೆ ನಿಧಾನವಾಗಿ ಪೆನ್ಸಿಲ್ ನಡೆಸಿ. ಬಂದ ಚಿತ್ರ ವಕ್ರವಾಗಿರುತ್ತೆ, ಇರಲಿ. ಕಣ್ಣು ಮಾತ್ರ ಸುಳ್ಳು ಹೇಳುವುದನ್ನು ಬಿಡುತ್ತೆ. ಹೊಲೆಯ, ಮಾದಿಗ ಅಂತ ಹೆಸರು ನೋಡಿ ಮನುಷ್ಯನನ್ನು ನೋಡದೆ ಹೋದ ಸಮಾಜ ಇದು. ಹೆಸರಿನ ಆಚೆಗೆ ನೋಡುವುದು ನಮಗೆ ಬರೀ ಚಿತ್ರದ ಪಾಠವಲ್ಲ.

ನಾಲ್ಕು. ಖಾಲಿ ಜಾಗವನ್ನು ಬರೆಯಿರಿ. ಕುರ್ಚಿ ಬರೆಯಲು ಬಾರದಿದ್ದರೆ ಕುರ್ಚಿಯ ಕಾಲುಗಳ ನಡುವಿನ ಬಯಲನ್ನು ಬರೆಯಿರಿ. ಕುರ್ಚಿ ತಾನಾಗಿ ಮೂಡುತ್ತೆ. ಇದನ್ನು ಕಲಿತವರು ಊರಿಗೆ ಹೋಗಿ ನಿಂತು ನೋಡಲಿ. ಊರಿಗೂ ಕೇರಿಗೂ ನಡುವೆ ಒಂದು ಖಾಲಿ ಜಾಗ ಇರುತ್ತೆ. ಕೆಲವು ಕಡೆ ಒಂದು ಹೊಲ, ಕೆಲವು ಕಡೆ ಒಂದು ಹಳ್ಳ, ಕೆಲವು ಕಡೆ ಬರೀ ಒಂದು ರಸ್ತೆ. ಊರನ್ನೂ ಬರೆದವರಿದ್ದಾರೆ, ಕೇರಿಯನ್ನೂ ಬರೆದವರಿದ್ದಾರೆ. ಆ ನಡುವಿನ ಜಾಗವನ್ನು ಅಳತೆ ತಪ್ಪದೆ ಬರೆದರೆ ಇಡೀ ವ್ಯವಸ್ಥೆ ತಾನಾಗಿ ಮೂಡುತ್ತೆ.

*

ಈಗ ಇನ್ನೊಂದು ನಗು ಹುಟ್ಟಿಕೊಂಡಿದೆ. ಯಂತ್ರವೇ ಚಿತ್ರ ಬರೆಯುತ್ತಲ್ಲ, ಫೋನಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕಲ್ಲ, ನೀವ್ಯಾಕೆ ಕೈ ನೋಯಿಸಿಕೊಳ್ತೀರಿ ಅಂತ. ಯಂತ್ರ ಕಲಿತದ್ದು ಎಲ್ಲಿಂದ? ಈಗಾಗಲೇ ಇರುವ ಕೋಟ್ಯಂತರ ಚಿತ್ರಗಳಿಂದ, ಫೋಟೋಗಳಿಂದ. ಆ ರಾಶಿಯಲ್ಲಿ ನಮ್ಮ ಹಟ್ಟಿಯ ಪಾಲು ಎಷ್ಟು? ಮಲದ ಗುಂಡಿಯ ಬಾಯಲ್ಲಿ ನಿಂತವನ ಕಾಲಿನ ಬೆರಳು ಹೇಗೆ ಮಡಚಿಕೊಂಡಿರುತ್ತೆ ಅಂತ ಎಷ್ಟು ಜನ ಬರೆದಿದ್ದಾರೆ? ಬರೆಯದೆ ಉಳಿದದ್ದನ್ನು ಯಂತ್ರ ಎಲ್ಲಿಂದ ತರುತ್ತೆ? ಅದು ಇನ್ನಷ್ಟು ಚೆನ್ನಾಗಿ ಎರಡು ಬೆಟ್ಟ, ನಡುವೆ ಸೂರ್ಯ ಬರೆದುಕೊಡುತ್ತೆ, ಅಷ್ಟೇ. ಅದಿರಲಿ, ನಮಗೆ ಬೇಕಾದದ್ದು ಬರೀ ಚಿತ್ರವಲ್ಲ. ಚಿತ್ರ ಬರೆಯುವಾಗ ನಾವು ನೋಡಿದ ಆ ಅರ್ಧ ಗಂಟೆ. ಅದನ್ನು ನಮ್ಮ ಪರವಾಗಿ ಯಾವ ಯಂತ್ರವೂ ನೋಡಲಾರದು.

ಯಾಕೆಂದರೆ ನಮ್ಮಿಂದ ಕಿತ್ತುಕೊಂಡದ್ದರಲ್ಲಿ ನೋಟವೂ ಒಂದು. ಒಡೆಯ ಬಂದಾಗ ತಲೆ ತಗ್ಗಿಸು. ಕಣ್ಣಿಗೆ ಕಣ್ಣು ಕೊಡಬೇಡ. ಗರ್ಭಗುಡಿಯ ಕಡೆ ನೋಡಬೇಡ. ನಮ್ಮ ನೆರಳು ಬಿದ್ದರೆ ಮೈಲಿಗೆ, ನಮ್ಮ ನೋಟ ಬಿದ್ದರೆ ದೃಷ್ಟಿ. ತಲೆಮಾರುಗಳ ಕಾಲ ನೆಲ ನೋಡಿ ನಡೆದ ಕಣ್ಣುಗಳು ಇವು. ಅಂಥ ಕಣ್ಣನ್ನು ಎತ್ತಿ, ಒಂದು ಮನೆಯನ್ನೋ ಮರವನ್ನೋ ಮನುಷ್ಯನನ್ನೋ ಅರ್ಧ ಗಂಟೆ ರೆಪ್ಪೆ ಮುಚ್ಚದೆ ದಿಟ್ಟಿಸುವುದು ನಮ್ಮ ಊರುಗಳಲ್ಲಿ ಸಣ್ಣ ಕೆಲಸವಲ್ಲ. ಊರ ಮುಂದಿನ ಕಟ್ಟೆಯ ಎದುರು ಹಾಳೆ ಹಿಡಿದು ಕೂತು ನೋಡಿ. ಯಾರು ಬಂದು "ಏನೋ ಅದು, ಏನ್ ಬರ್ಕೋತಿದೀಯ?" ಅಂತ ಕೇಳ್ತಾರೋ ಗಮನಿಸಿ. ನಾವು ನೋಡುವುದು ಯಾರಿಗೆ ಕಸಿವಿಸಿ ಅಂತ ಅಲ್ಲೇ ಗೊತ್ತಾಗುತ್ತೆ.

ಬಾಬಾಸಾಹೇಬರು ಈ ಗುಟ್ಟನ್ನು ಬಲ್ಲವರು. ಕೊನೆಯ ವರ್ಷಗಳಲ್ಲಿ, ಅರವತ್ತರ ಹೊಸ್ತಿಲಲ್ಲಿ, ಸಕ್ಕರೆ ಕಾಯಿಲೆ ಮೈಯನ್ನು ಹಿಂಡುತ್ತಿದ್ದಾಗ, ಬುದ್ಧನ ಬಗ್ಗೆ ದೊಡ್ಡ ಗ್ರಂಥ ಬರೆಯುತ್ತಿದ್ದ ಕಾಲದಲ್ಲಿ, ಅವರು ಪಿಟೀಲು ಕಲಿತರು, ಕುಂಚ ಹಿಡಿದು ಚಿತ್ರ ಕಲಿತರು. ಅವರಿಗಿಂತ ಪುರುಸೊತ್ತು ಕಡಿಮೆ ಇದ್ದವರು ಈ ದೇಶದಲ್ಲಿ ಯಾರಿದ್ದರು? ಅವರು ಬರೆದ ಬುದ್ಧನಿಗೆ ತೆರೆದ ಕಣ್ಣು ಕೊಟ್ಟರು. ಕಣ್ಣು ಮುಚ್ಚಿ ಕೂತ ಬುದ್ಧ ಅವರಿಗೆ ಬೇಕಾಗಿರಲಿಲ್ಲ. ಲೋಕದ ದುಃಖವನ್ನು ನೋಡುವ ಬುದ್ಧ ಬೇಕಿತ್ತು. ಗೊಂಬೆ ಬರೀತಾ ಕೂತಿದೀರಲ್ಲ ಅನ್ನುವ ಗೆಳೆಯರೇ, ಉಳಿದ ಅರ್ಧ ಉತ್ತರ ಇಲ್ಲಿದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ನಮ್ಮದೊಂದು ಕೋರಿಕೆ. ಡ್ರಾಯಿಂಗ್ ಮೇಷ್ಟ್ರು ಬರಲಿ ಅಂತ ಸರ್ಕಾರವನ್ನು ಕಾಯುತ್ತ ಕೂರಬೇಡಿ. ಹುದ್ದೆ ಕೇಳಿ, ಹೋರಾಡಿ, ಅದು ಬೇರೆ. ಅಷ್ಟರಲ್ಲಿ ಶನಿವಾರ ಅರ್ಧ ಗಂಟೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಎರಡು ಬೆಟ್ಟ ಬರೆಯುವುದು ಬೇಡ ಅನ್ನಿ. ನಿಮ್ಮ ಮನೆ ಬಾಗಿಲು ಬರಿ ಅನ್ನಿ. ನಿಮ್ಮವ್ವ ಕಳೆ ಕೀಳಲು ಹೇಗೆ ಬಗ್ಗುತ್ತಾಳೆ ಬರಿ ಅನ್ನಿ. ನಿಮಗೆ ಚಿತ್ರ ಬಾರದಿದ್ದರೆ ನೀವೂ ಅವರ ಪಕ್ಕದಲ್ಲಿ ಕೂತು ಬರೆಯಿರಿ. ಮೇಷ್ಟ್ರ ಗೆರೆಯೂ ವಕ್ರವಾಗುತ್ತೆ ಅಂತ ಮಕ್ಕಳು ನೋಡಲಿ. ಹುಟ್ಟಿನ ಸಿದ್ಧಾಂತ ಮಣ್ಣಾಗುವುದು ಅಂಥ ಜಾಗದಲ್ಲೇ.

ವಿದ್ಯಾರ್ಥಿ ಗೆಳೆಯರಿಗೆ, ಕಾರ್ಯಕರ್ತರಿಗೆ ಇನ್ನೊಂದು ಮಾತು. ಮೆರವಣಿಗೆಯ ಹಿಂದಿನ ರಾತ್ರಿ ಪೋಸ್ಟರಿಗೆ ಯಾರಾದರೂ ಚಿತ್ರಕಾರ ಸಿಗುತ್ತಾನಾ ಅಂತ ಹುಡುಕಬೇಡಿ. ಪ್ರತಿ ತಾಲೂಕಿನಲ್ಲಿ ನಾಲ್ಕು ಜನ ಗೆರೆ ಬಲ್ಲವರಿರಲಿ. ಹಾಸ್ಟೆಲಿನಲ್ಲಿ ಊಟವಾದ ಮೇಲೆ ಅರ್ಧ ಗಂಟೆ ಫೋನು ಮಗುಚಿಟ್ಟು ಒಬ್ಬರನ್ನೊಬ್ಬರು ಬರೆಯಿರಿ. ದೌರ್ಜನ್ಯ ನಡೆದ ಊರಿಗೆ ಸತ್ಯಶೋಧನೆಗೆ ಹೋದಾಗ ವರದಿಯ ಜೊತೆ ಒಂದು ಹಾಳೆಯೂ ಇರಲಿ: ಸುಟ್ಟ ಗುಡಿಸಲು ಎಲ್ಲಿತ್ತು, ಮುಚ್ಚಿದ ದಾರಿ ಯಾವುದು, ಯಾರ ಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು.

ಕನ್ನಡದಲ್ಲಿ ಚಿತ್ರ 'ಬಿಡಿಸು' ಅಂತಲೂ ಹೇಳುತ್ತಾರೆ. ಗಂಟು ಬಿಡಿಸು, ಕಗ್ಗಂಟು ಬಿಡಿಸು, ಜೀತ ಬಿಡಿಸು ಅನ್ನುವ ಅದೇ ಬಿಡಿಸು. ಬಿಡುವು ಕೂಡ ಅದೇ ಬೇರಿನ ಮಾತು. ಬಿಡುವು ಯಾರೂ ಕೊಡುವುದಿಲ್ಲ, ಬಿಡಿಸಿಕೊಳ್ಳಬೇಕು. ಈ ರಾತ್ರಿ ಅರ್ಧ ಗಂಟೆ ಬಿಡಿಸಿಕೊಳ್ಳಿ. ಪೆನ್ಸಿಲ್ ಮೊಂಡಾಗಿದ್ದರೆ ಬ್ಲೇಡಿನಲ್ಲಿ ಕೆತ್ತಿಕೊಳ್ಳಿ. ಎದುರಿಗೆ ಏನಿದೆಯೋ ಅದನ್ನು ಬರೆಯಿರಿ.